ಖಾಲಿ ಮೇಜಿನ ಮೇಲೆ ಸೇವಂತಿಗೆ

ದಿನಾಂಕ 12-08-2024, ಸೋಮವಾರ, ಬೆಳಗ್ಗೆ 11.20. ಕೊಪ್ಪ ಠಾಣೆಗೆ ಖಾಸಗಿ ಆಸ್ಪತ್ರೆಯೊಂದರ ವೈದ್ಯ ಪ್ರಸನ್ನಕುಮಾರ್ ದೂರು ತಂದರು. ತುರ್ತು ಚಿಕಿತ್ಸಾ ವಿಭಾಗದ ರಿಜಿಸ್ಟರ್ ಕಳುವಾಗಿದೆ. ರೋಗಿ ಬಂದ ಹೊತ್ತು, ಮದ್ದು ಕೊಟ್ಟ ಹೊತ್ತು, ಡಾಕ್ಟರು ನೋಡಿದ ಹೊತ್ತು ಎಲ್ಲ ಅದರಲ್ಲಿದೆ. ಬುಧವಾರ ಚಿಕಿತ್ಸೆಯ ಗುಣಮಟ್ಟ ಅಳೆಯುವ ತಂಡ ಬರಲಿದೆ.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಶ್ರೀವಿದ್ಯಾ ಹೊರಟಳು. ಹನ್ನೊಂದು ವರ್ಷದ ಹಿಂದೆ ಅವಳ ಹೆರಿಗೆ ಆದದ್ದೂ ಅದೇ ಆಸ್ಪತ್ರೆಯಲ್ಲಿ.

ತುರ್ತು ಚಿಕಿತ್ಸಾ ವಿಭಾಗದಲ್ಲಿ ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೆಬಲ್ ರೇಣುಕಪ್ಪ ತಲೆಯೆತ್ತಿದ. "ಮೇಡಂ, ಖಾಲಿ ಮೇಜಿನ ಮೇಲೆ ಒಂದು ಮೊಳ ಸೇವಂತಿಗೆ. ಬರೀಲಾ?"

"ಬರಿ. ಹೂ ಯಾರದು ಸಿಸ್ಟರ್?"

"ಕಮ್ಮರಡಿ ಸುಬ್ಬಮ್ಮಂದು," ಎಂದಳು ನರ್ಸ್ ಗಂಗಾಲಕ್ಷ್ಮಿ. "ಮೊಮ್ಮಗಳು ಇಲ್ಲಿ ಹುಷಾರಾದ ಮೇಲೆ ಸೋಮವಾರ ಸೋಮವಾರ ತರ್ತಾರೆ. ಡ್ಯೂಟೀಲಿ ನಾನು ಮುಡಿಯಲ್ಲ. ಅದ್ಕೆ ರಿಜಿಸ್ಟರ್ ಮೇಲಿಟ್ಟು ಕೈ ಮುಗೀತಾರೆ."

"ಇವತ್ತು ಯಾರ ಹತ್ರ ಮಾತಾಡಿದ್ರು?"

ಕಾವಲುಗಾರ ಸೋಮನಾಥ್ ತಲೆ ಕೆರೆದುಕೊಂಡ. "ನನ್ನತ್ರ. ಡಾಕ್ಟ್ರು ಬರೋ ಮೊದ್ಲೇ ನಿಮ್ಮ ಮೊಮ್ಮಗಳಿಗೆ ಸಿಸ್ಟರ್ ಸೂಜಿ ಚುಚ್ಚಿದ್ದು ಅದ್ರಲ್ಲಿದೆ, ಬುಧವಾರ ಅವರ ಕೆಲ್ಸಕ್ಕೇ ಕುತ್ತು ಅಂದೆ. ತಮಾಷೆಗೆ."

"ಚೆಂದದ ತಮಾಷೆ ಮಾರಾಯ! ನಂಗೆ ಊಟ ತಪ್ಪಿತು," ಎಂದ ರೇಣುಕಪ್ಪ.

ಮಧ್ಯಾಹ್ನ 1.15, ಕಮ್ಮರಡಿ. ಸುಬ್ಬಮ್ಮ ಏನನ್ನೂ ಅಡಗಿಸಿರಲಿಲ್ಲ. ರಿಜಿಸ್ಟರ್ ದೇವರ ಗೂಡಿನಲ್ಲಿ ಪಂಚಾಂಗದ ಪಕ್ಕದಲ್ಲಿತ್ತು.

"ಯಾಕೆ ಕದ್ರಿ?"

"ಕೂಸಿಗೆ ಹೆಜ್ಜೇನು ಹೊಡೆದು ಉಸ್ರು ಕಟ್ಟಿದಾಗ ಆಯಮ್ಮ ಯಾರ ದಾರೀನೂ ಕಾಯಲಿಲ್ಲ. ಅದನ್ನ ತಪ್ಪು ಅಂತ ಬರೆದ ಪುಸ್ತಕ ಅಲ್ಲಿರೋದು ಬೇಡ."

"ಓದಿದ್ರಾ?"

"ಓದೋಕೆ ಬಂದಿದ್ರೆ ಇಡೀ ಪುಸ್ತಕ ಯಾಕೆ ಹೊರ್ತಿದ್ದೆ?"

ಶ್ರೀವಿದ್ಯಾ ಪುಟ ಹುಡುಕಿ ಗಟ್ಟಿಯಾಗಿ ಓದಿದಳು. "ಮಹಿಮಾ, ಒಂಬತ್ತು ವರ್ಷ. ಬಂದದ್ದು 4.10. ಫೋನಿನಲ್ಲಿ ಡಾಕ್ಟರ ಆದೇಶ ಪಡೆದು ಚುಚ್ಚುಮದ್ದು, 4.14. ಡಾಕ್ಟರು ನೋಡಿದ್ದು 4.52." ಪುಸ್ತಕ ಮುಚ್ಚಿದಳು. "ನಾಲ್ಕೇ ನಿಮಿಷ, ಅಜ್ಜಿ. ಅದಕ್ಕೆ ಇದೊಂದೇ ಸಾಕ್ಷಿ. ಇದಿಲ್ಲದಿದ್ರೆ ಸಿಸ್ಟರ್ ಏನೂ ಮಾಡ್ಲಿಲ್ಲ ಅಂತಾಗ್ತಿತ್ತು."

ಸುಬ್ಬಮ್ಮ ಪುಸ್ತಕದ ಮೇಲೆ ಕೈಯಿಟ್ಟಳು. "ಅಯ್ಯೋ, ನಾನೇ ಅವಳ ಅನ್ನಕ್ಕೆ ಕಲ್ಲು ಹಾಕ್ದೆನಾ?"

2.05ಕ್ಕೆ ಬಂಧನ ದಾಖಲಾಯಿತು. ನ್ಯಾಯಾಲಯದಲ್ಲಿ ಜಾಮೀನಿಗೆ ನಿಂತವಳು ಗಂಗಾಲಕ್ಷ್ಮಿ. ಪುಟದ ದೃಢೀಕೃತ ಪ್ರತಿ ಬುಧವಾರದ ತಂಡದ ಕೈ ಸೇರಿತು.

ಕೇಸ್ ಡೈರಿ ತುಂಬುತ್ತಾ ಶ್ರೀವಿದ್ಯಾ 'ಉದ್ದೇಶ' ಎಂಬಲ್ಲಿಗೆ ಬಂದಳು. ಹೆರಿಗೆಯ ದಿನ ತನ್ನ ಕೈ ಬಿಡದೆ ನಿಂತಿದ್ದ ನರ್ಸಿನ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ. 'ಉಪಕಾರ ಸ್ಮರಣೆ' ಎಂದು ಬರೆದಳು. ಆಮೇಲೆ ಆಸ್ಪತ್ರೆಗೆ ಫೋನು ಮಾಡಿ, ಹನ್ನೊಂದು ವರ್ಷದ ಹಿಂದಿನ ಹೆರಿಗೆ ವಾರ್ಡಿನ ರಿಜಿಸ್ಟರ್ ಇನ್ನೂ ಇದೆಯೇ ಎಂದು ಕೇಳಿದಳು.