ಹೂಕುಂಡದ ಮಣ್ಣು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಸಂಶೋಧಕಿಯ ದೂರು ಕೇಳಿ ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. ಕಳವಾದ ಮಾಲು: ಕಿರುಬೆರಳುದ್ದದ ಒಂದು ಕೊಳವೆ, ಒಳಗೆ ಮಣ್ಣಿನ ಬ್ಯಾಕ್ಟೀರಿಯಾ.

"ನಮ್ಮ ಹಿತ್ತಲಲ್ಲಿ ಬೇಕಾದಷ್ಟಿದೆ, ತಗೊಂಡ್ಹೋಗಮ್ಮ."

ಆಕೆ ನಗಲಿಲ್ಲ. ಇನ್‌ಸ್ಪೆಕ್ಟರ್ ಒಳಗೆ ಕರೆದ.

"ನಿಮ್ಮ ಲ್ಯಾಬಿನ ಫ್ರೀಜರ್‌ನಲ್ಲಿ ಕೊಳವೆ ಇದೆಯಂತಲ್ಲ?"

"ಇದೆ ಸರ್. ಒಳಗಿರೋದು ಬೇರೆ."

"ನೋಡಿದ್ರೆ ಗೊತ್ತಾಗತ್ತಾ?"

"ಇಲ್ಲ. ಜೀನ್ ಓದಿದ್ರೆ ಮಾತ್ರ."

ಜೀನ್ ಎಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಸಾಲು. ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಬ್ಯಾಕ್ಟೀರಿಯಾಗಳು ಒಂದೇ ಜಾತಿಯವೋ ಬರೀ ದಾಯಾದಿಗಳೋ ತಿಳಿಯುತ್ತದೆ. ಲ್ಯಾಬಿನ ಪ್ರೊಫೆಸರ್ ಹಿಂದೆ ಹೊಸ ಜಾತಿಯೆಂದು ಹೆಸರಿಟ್ಟದ್ದು ಹೊಸದೇ ಅಲ್ಲ, ಮೊದಲೇ ಗೊತ್ತಿದ್ದದ್ದು ಎಂದು ಈಕೆ ಹಲವು ಜೀನ್ ಓದಿ ಪ್ರಬಂಧ ಬರೆದಿದ್ದಳು. ಪರೀಕ್ಷಕರು ಮೂಲ ಕೊಳವೆಯಿಂದ ಮತ್ತೊಮ್ಮೆ ಓದಿಸಿದರು. ಈ ಸಲ ಎಲ್ಲೂ ದಾಖಲಾಗದ ಬೇರೆ ಜಾತಿಯೆಂದೇ ಬಂತು. ಪ್ರಬಂಧ ತಿರಸ್ಕಾರವಾಗುವುದರಲ್ಲಿತ್ತು.

"ಎಲ್ಲರೂ ನಾನೇ ಎಡವಟ್ಟು ಮಾಡಿದೆ ಅಂತಾರೆ. ಯಾರೋ ಬದಲಾಯಿಸಿದಾರೆ ಸರ್."

FIR ದಾಖಲಾಯಿತು. ಪಂಚನಾಮೆಗೆ ಬಂದ ಪಂಚರಿಬ್ಬರು ಫ್ರೀಜರಿಗೆ ಬಗ್ಗಿ ನೋಡಿ, ಏನೂ ಕಾಣಲಿಲ್ಲವೆಂದು ಸಹಿ ಹಾಕಿದರು. ಬೀಗ ಒಡೆದಿರಲಿಲ್ಲ. ಬೆರಳಚ್ಚಂತೂ ಇಲ್ಲ, ಅಲ್ಲಿ ಎಲ್ಲರೂ ಕೈಗವಸಿನವರೇ. ಕೊಲೆ ಕೇಸು ಬಿಟ್ಟು ಹುಳ ಹುಡುಕುತ್ತಿದ್ದೀಯಾ ಎಂದು ಮೇಲಧಿಕಾರಿ ಫೋನಿನಲ್ಲಿ ಗದರಿದರು. ಇನ್‌ಸ್ಪೆಕ್ಟರಿಗೆ ತಲೆ ಚಿಟ್ಟುಹಿಡಿಯಿತು.

ಫ್ರೀಜರಿನ ಕೀಲಿ ಇದ್ದದ್ದು ಸಂಶೋಧಕಿ, ಪ್ರೊಫೆಸರ್ ಮತ್ತು ಲ್ಯಾಬ್ ಸಹಾಯಕನ ಬಳಿ. ಇನ್‌ಸ್ಪೆಕ್ಟರ್ ಸಹಾಯಕನನ್ನು ಕೂರಿಸಿ ಕೇಳಿದ.

"ಬೇರೆ ಜಾತಿ ಅಂತ ಬಂದ್ರೆ ಯಾರಿಗೆ ಲಾಭ?"

"ಲಾಭ ಏನ್ ಬಂತು ಸರ್. ಪ್ರೊಫೆಸರ್ ಇಟ್ಟ ಹೆಸರು ಉಳಿಯತ್ತೆ. ತೀರಿಹೋದ ಅವರ ಹೆಂಡ್ತಿ ಹೆಸರು. ಆ ಅಮ್ಮನ ಹೂಕುಂಡದ ಮಣ್ಣಲ್ಲೇ ಸಿಕ್ಕಿದ್ದಂತೆ."

ಬದಲಿಗೆ ಇಟ್ಟ ಬ್ಯಾಕ್ಟೀರಿಯಾ ಲ್ಯಾಬಿನ ಯಾವುದಕ್ಕೂ ಹೊಂದುತ್ತಿರಲಿಲ್ಲ. ಹಾಗಾದರೆ ಅದು ಹೊರಗಿನದು. ಇನ್‌ಸ್ಪೆಕ್ಟರ್ ಪ್ರೊಫೆಸರ್ ಮನೆಯ ಆ ಕುಂಡದ ಮಣ್ಣನ್ನು ವಶಪಡಿಸಿಕೊಂಡು ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿದ. ವರದಿ ಬರುವಷ್ಟರಲ್ಲಿ ಅವನನ್ನು ಠಾಣೆಯವರೆಲ್ಲ ತೋಟದ ಮಾಲಿ ಎಂದು ಕರೆಯತೊಡಗಿದ್ದರು. ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದ ಸಾಲು ಬದಲಿಯ ಸಾಲಿಗೆ ಅಕ್ಷರಕ್ಕೆ ಅಕ್ಷರ ಹೊಂದಿತ್ತು.

ಪ್ರೊಫೆಸರ್ ವಾದ ಮಾಡಲಿಲ್ಲ. ಮನೆಗೆ ಬಂದ ಇನ್‌ಸ್ಪೆಕ್ಟರನ್ನು ಅಡುಗೆಮನೆಗೆ ಕರೆದೊಯ್ದು ಫ್ರಿಜ್ಜಿನ ಐಸ್ ಪೆಟ್ಟಿಗೆಯಿಂದ ಮೂಲ ಕೊಳವೆ ತೆಗೆದುಕೊಟ್ಟರು.

"ಎಸೀಬಹುದಿತ್ತಲ್ಲ?"

"ಅದರ ಮೇಲೆ ಅವಳ ಹೆಸರಿದೆ. ಹೇಗೆ ಎಸೀಲಿ?"

"ಆ ಹುಡುಗಿ ಬದುಕು ಹಾಳಾಗ್ತಿತ್ತು."

"ಗೊತ್ತಿತ್ತು. ಅವಳು ಬರೆದದ್ದು ಸರೀನೇ."

"ಕುಂಡದಲ್ಲಿ ನಿಜವಾಗ್ಲೂ ಹೊಸದು ಸಿಕ್ಕಿತ್ತಲ್ಲ ಸರ್. ಅದಕ್ಕೇ ಆ ಹೆಸರು ಇಡಬೇಕಿತ್ತು." ಇನ್‌ಸ್ಪೆಕ್ಟರಿಗೆ ಸಿಟ್ಟು ತಡೆಯಲಾಗಲಿಲ್ಲ.

"ಒಂದಕ್ಕೆ ಇಟ್ಟ ಹೆಸರನ್ನ ಇನ್ನೊಂದಕ್ಕೆ ಇಡೋ ಹಾಗಿಲ್ಲ. ಅದು ನಿಯಮ. ಮೂವತ್ತು ವರ್ಷ ನಾನೇ ಪಾಠ ಮಾಡಿದೀನಿ."

ಬಂಧನದ ಮಾತು ಹೇಳಿದಾಗ ಅವರು ತಲೆಯಾಡಿಸಿದರು. ಕೇಸು ಬಗೆಹರಿಯಿತು, ಹುಡುಗಿಯ ಪ್ರಬಂಧ ಉಳಿಯುತ್ತದೆ. ಆದರೂ ಇನ್‌ಸ್ಪೆಕ್ಟರಿಗೆ ಸಮಾಧಾನವಾಗಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಜಪ್ತಿ ಪಂಚನಾಮೆ ಬರೆಯಲು ಕುಳಿತ. "ಮಾಲಿನ ಹೆಸರು ಏನಂತ ಬರೀಲಿ ಸರ್? ಪುಸ್ತಕದಲ್ಲಿರೋ ಹಳೇದಾ, ಇವರು ಇಟ್ಟಿದ್ದಾ?"

"ಕೊಳವೆ ಮೇಲೆ ಇರೋದನ್ನೇ ಬರಿ."

ಪ್ರೊಫೆಸರ್ ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿ, ಕೆಳಗೆ ಸಹಿ ಹಾಕಿದರು.