ವರ್ಲಾ ಅಜ್ಜಿಯ ಸೀಡರ್ ಮರ

ಇದನ್ನು ನಾಚಿಕೆಗೆ ಹೆಂಡತಿಗೂ ಹೇಳಿಲ್ಲ. ಕ್ಯಾನ್ಸಸ್‌ನ ನಮ್ಮ ಹುಲ್ಲುಗಾವಲಿಗೆ ಸೀಡರ್ ಮರಗಳು ನುಗ್ಗಿ ಹಳೆಯ ಹುಲ್ಲನ್ನೆಲ್ಲ ಕೊಂದಿದ್ದವು. ಅವನ್ನು ಕಡಿದು ಹುಲ್ಲು ಮರಳಿ ಬರುವಂತೆ ಮಾಡುವ ಕೆಲಸ ನನ್ನದು. ಪಕ್ಕದ ಜಮೀನಿನ ವರ್ಲಾ ಅಜ್ಜಿಯೂ ತನ್ನ ಮರಗಳನ್ನು ಕಡಿಸಲು ಒಪ್ಪಿದಳು, ಗಂಡ ನೆಟ್ಟ ಒಂದು ಮರ ಬಿಟ್ಟು. ಕಣ್ಣು ಪೂರ್ತಿ ಹೋಗಿದ್ದ ಅವಳು ದಿನಾ ಅದರ ಕೆಳಗೆ ಕೂರುತ್ತಿದ್ದಳು.

“ನಾನಿರೋವರೆಗೂ ಅದನ್ನ ಮುಟ್ಟಬೇಡ ಕಣೋ, ಕ್ಲೆಟಸ್.”

ಅವಳು ಆಸ್ಪತ್ರೆ ಸೇರಿದ ವಾರ ಅದನ್ನೂ ಕಡಿದೆ. ಬೀಜ ಉದುರಿಸುವ ಒಂದು ಮರ ಉಳಿದರೂ ಕೆಲಸವೆಲ್ಲ ದಂಡ. ಕಣ್ಣಿಲ್ಲದವಳಿಗೆ ಏನು ಗೊತ್ತಾಗುತ್ತೆ ಅಂದುಕೊಂಡೆ.

ಜುಲೈನಲ್ಲಿ ವಾಪಸ್ ಬಂದಳು. ಸುಡುಬಿಸಿಲಲ್ಲಿ, ಮರದ ಮೋಟಿನ ಪಕ್ಕ ಕುರ್ಚಿ ಹಾಕಿ ಕೂರಿಸಿದೆ.

“ಮರ ಇದೆ ತಾನೇ?”

“ಇದೆಯಲ್ಲ ಅಜ್ಜಿ.”

“ಹೂಂ. ಎಷ್ಟು ತಂಪಾಗಿದೆ ನೋಡು.”

ಅವಳ ಕೈ ಮುಟ್ಟಿದೆ, ತಣ್ಣಗಿತ್ತು. ಕುರ್ಚಿಯ ಕಬ್ಬಿಣವೂ ತಣ್ಣಗಿತ್ತು.

ಅವಳು ಹೋಗಿ ನಾಲ್ಕು ವರ್ಷವಾಯಿತು. ಹುಲ್ಲು ಎದೆಯುದ್ದ ಬಂದಿದೆ, ಬಯಲಲ್ಲಿ ಒಂದು ಮರವೂ ಇಲ್ಲ. ಬೇಸಿಗೆ ಮಧ್ಯಾಹ್ನ, ಈಗ ಅವಳ ಜಮೀನಲ್ಲೇ ಮೇಯುವ ನನ್ನ ಹಸುಗಳೆಲ್ಲ ಆ ಮೋಟಿನ ಪಕ್ಕ ಒತ್ತಿಕೊಂಡು ನಿಲ್ಲುತ್ತವೆ. ಹೊತ್ತು ಇಳಿದಂತೆ, ನೆರಳು ಸರಿದ ಹಾಗೆ, ಮೆಲ್ಲಗೆ ಮೂಡಲಿಗೆ ಸರಿಯುತ್ತವೆ. ನಾನು ಬೇಲಿಯ ಈಚೆ, ಬಿಸಿಲಲ್ಲೇ ನಿಂತಿರುತ್ತೇನೆ.