ಇಂಜಿನ್ನಿನ ಡೈರಿ

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹುಡುಗ ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಸ್ಸಿನಲ್ಲಿ ಯಾರೋ ಬ್ಯಾಗು ಕದ್ದಿದ್ದಾರೆ, ಅದರಲ್ಲಿ ತಾನು ವಿಮಾನ ಹಾರಿಸಿದ ಗಂಟೆಗಳ ಲಾಗ್‌ಬುಕ್ ಇತ್ತು ಎಂದ.

"ಇನ್ನೊಂದು ತಗೋಬಹುದಲ್ವೇನಪ್ಪಾ?" ಎಂದಳು ಕಾನ್‌ಸ್ಟೆಬಲ್.

"ಬುಕ್ಕು ಸಿಗತ್ತೆ ಮೇಡಂ. ಹಾರಿದ್ದು ಸಿಗಲ್ವಲ್ಲ!"

ಶುಕ್ರವಾರ ವಿಮಾನ ಕಂಪನಿಯ ಸಂದರ್ಶನ. ಒಬ್ಬನೇ ನೂರು ಗಂಟೆ ಹಾರಿದ್ದಕ್ಕೆ, ದಿನದ ದಿನವೇ ತರಬೇತುದಾರರ ಸಹಿ ಬಿದ್ದ ದಾಖಲೆ ಬೇಕು. ತರಬೇತಿ ಶಾಲೆಯ ರಿಜಿಸ್ಟರು ಮಳೆನೀರು ಕುಡಿದು ಮುದ್ದೆಯಾಗಿತ್ತು. ಎಫ್‌ಐಆರ್ ಪ್ರತಿಯ ಜೊತೆ ನೆನಪಿನಿಂದ ಬರೆದ ಹಾರಾಟದ ಪಟ್ಟಿ ಕೊಟ್ಟರೆ, ಹೊಸ ಪುಸ್ತಕಕ್ಕೆ ಶಾಲೆಯವರು ಒಟ್ಟಿಗೇ ಸಹಿ ಹಾಕಿಕೊಡುತ್ತಾರಂತೆ.

ಇನ್ಸ್‌ಪೆಕ್ಟರ್ ದೂರು ದಾಖಲಿಸಿ, ಪಟ್ಟಿಯ ಪ್ರತಿ ಇಟ್ಟುಕೊಂಡರು. ಹುಡುಗ ಹೋದ ಮೇಲೂ ಅದನ್ನೇ ನೋಡುತ್ತಾ ಕೂತರು.

"ನಿನ್ನೆ ಹತ್ತಿದ ಬಸ್ ಯಾವುದು ಅಂತ ಇವನಿಗೆ ನೆನಪಿಲ್ಲ. ಹೋದ ವರ್ಷ ಹಾರಿದ್ದು ಮಾತ್ರ ಗಂಟೆ, ನಿಮಿಷದ ಸಮೇತ ನೆನಪಿದೆ."

"ಮಗ್ಗಿ ಥರ ಬಾಯಿಪಾಠ ಮಾಡಿದಾನೆ ಸರ್."

ಬುಧವಾರ ಹನ್ನೊಂದೂ ಕಾಲಿಗೆ ಇಬ್ಬರೂ ಶಾಲೆಯ ವಿಮಾನ ನಿಲ್ಲಿಸುವ ಹ್ಯಾಂಗರಿಗೆ ಹೋದರು. ಮೆಕ್ಯಾನಿಕ್ ಕೈಯ ಗ್ರೀಸು ಒರೆಸಿಕೊಂಡು ದಪ್ಪ ಪುಸ್ತಕವೊಂದನ್ನು ತಂದ.

"ನೆಂದಿದ್ದು ಆಫೀಸಿನ ರಿಜಿಸ್ಟರು ಸಾಹೇಬ್ರೆ. ಇದು ಇಂಜಿನ್ ಡೈರಿ. ಹಾರೋರು ಅವರವರದ್ದು ಬರ್ಕೋತಾರೆ. ವಿಮಾನಕ್ಕೆ ಬರೆಯೋಕೆ ಬರಲ್ವಲ್ಲ, ಅದರದ್ದು ನಾನು ಬರೀತೀನಿ. ಈ ಮಕ್ಳು ಒಬ್ರೂ ಇದನ್ನ ತೆಗೆದು ನೋಡಿಲ್ಲ, ಎಲ್ಲರ ಕಣ್ಣೂ ಆಕಾಶದಲ್ಲೇ!"

ಇನ್ಸ್‌ಪೆಕ್ಟರ್ ಪಟ್ಟಿಯ ಕೊನೆಯ ಹದಿಮೂರು ದಿನಗಳ ಮೇಲೆ ಬೆರಳಿಟ್ಟರು. ದಿನಕ್ಕೆ ಮೂರು ಗಂಟೆ, ಒಂದೇ ವಿಮಾನ. ಮೆಕ್ಯಾನಿಕ್ ಡೈರಿ ತಿರುವಿ ನಕ್ಕ.

"ಅಷ್ಟೂ ದಿನ ಅದರ ಇಂಜಿನ್ ಬಿಚ್ಚಿ ಇದೇ ಟೇಬಲ್ ಮೇಲೆ ಇಟ್ಟಿದ್ದೆ. ರೆಕ್ಕೆ ಬಡ್ಕೊಂಡು ಹೋಗಿದ್ನಾ?"

ಸಂಜೆ ನಾಲ್ಕಕ್ಕೆ ಇಬ್ಬರು ಪಂಚರೊಂದಿಗೆ ಹುಡುಗನ ಮನೆ ಶೋಧನೆ. ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ, ಇಸ್ತ್ರಿಯಾಗಿದ್ದ ಬಿಳಿ ಅಂಗಿಯ ಮಡಿಕೆಯೊಳಗೆ ಲಾಗ್‌ಬುಕ್ ಇತ್ತು.

"ಕಳೆದೋಯ್ತು ಅಂದ್ಯಲ್ಲೋ ಮಗನೇ?" ಎಂದರು ತಾಯಿ. ಅಂಗಿಗೆ ಇಸ್ತ್ರಿ ಹಾಕಿಟ್ಟವರು ಅವರೇ.

ಪುಸ್ತಕದಲ್ಲಿ ಹುಡುಗ ಒಬ್ಬನೇ ಹಾರಿದ್ದು ಅರವತ್ತೊಂದು ಗಂಟೆ. ಪಂಚನಾಮೆಗೆ ಸಹಿಗಳು ಬಿದ್ದವು. ಐದೂ ಹತ್ತಕ್ಕೆ, ಸುಳ್ಳು ದೂರು ಮತ್ತು ಸುಳ್ಳು ದಾಖಲೆ ಸೃಷ್ಟಿಯ ಆರೋಪದ ಮೇಲೆ ಬಂಧನ.

ಜೀಪಿನಲ್ಲಿ ಅವನೇ ಬಾಯಿಬಿಟ್ಟ. "ಒಂದ್ಸಲ ಇಳಿಸುವಾಗ ವಿಮಾನ ನೆಲಕ್ಕೆ ಬಡಿದು ಎರಡು ಸಲ ಪುಟೀತು ಸರ್. ಆಮೇಲೆ ಒಬ್ಬನೇ ಕೂತ್ರೆ ಕೈಯೇ ಆಡಲ್ಲ. ಕಂಪನಿ ವಿಮಾನದಲ್ಲಿ ಪಕ್ಕದಲ್ಲಿ ಇನ್ನೊಬ್ಬರು ಇರ್ತಾರಲ್ಲ..."

"ಆ ಇನ್ನೊಬ್ಬರಿಗೇ ಹುಷಾರು ತಪ್ಪಿದ್ರೆ?"

ಠಾಣೆಯ ಗೇಟು ಕಂಡಾಗ ಇನ್ಸ್‌ಪೆಕ್ಟರ್ ಮತ್ತೆ ಕೇಳಿದರು. "ಪುಸ್ತಕ ಸುಟ್ಟುಹಾಕಿದ್ರೆ ಕಳ್ಳತನ ಸುಳ್ಳು ಅನ್ನೋಕೆ ಸಾಕ್ಷಿನೇ ಇರ್ತಿರಲಿಲ್ಲ. ಯಾಕಪ್ಪಾ ಇಟ್ಕೊಂಡೆ?"

"ಆ ಅರವತ್ತೊಂದು ಗಂಟೆ ನಿಜವಾಗ್ಲೂ ಹಾರಿದ್ದೆ ಸರ್."